ಪ್ರಯಾಣಕ್ಕೂ ಹಾಯಿದೋಣಿಗೂ ಒಂದೇ ಚಿಕ್ಕ ಲ್ಯಾಪ್‌ಟಾಪ್ ಸಾಕಾ?

ಪ್ರಶ್ನೆ: ನಾವು ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದೇವೆ. ಚೆಸಪೀಕ್ ಕೊಲ್ಲಿಯಲ್ಲಿ ಓಡಾಡಲು ಹಳೆಯ ಹಾಯಿದೋಣಿ ತಗೊಂಡಿದ್ದೇವೆ. ಊರಿಗೆ ಬರುವಾಗ ಬ್ಯಾಗಿಗೆ ಭಾರ ಆಗಬಾರದು, ದೋಣಿಯಲ್ಲಿ ದಾರಿ ನೋಡಲೂ ಆಗಬೇಕು. ಎಂಥ ಲ್ಯಾಪ್‌ಟಾಪ್ ತಗೊಳ್ಳಲಿ? ಬಳಸಿದವರು ಹೇಳಿ.

ಉತ್ತರ: ಕಂಪನಿ ಯಾವುದಾದರೂ ಇರಲಿ, ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವುದನ್ನೇ ತಗೊಳ್ಳಿ. ದೋಣಿಯಲ್ಲಿ ಇರೋದು 12 ವೋಲ್ಟ್ ಬ್ಯಾಟರಿ. ಇನ್ವರ್ಟರ್ ಇಟ್ಟು ಅದನ್ನು 120ಕ್ಕೆ ಏರಿಸಿ, ಅಡಾಪ್ಟರ್‌ನಲ್ಲಿ ಮತ್ತೆ 20ಕ್ಕೆ ಇಳಿಸಿದರೆ ಸುಮ್ನೆ ಕರೆಂಟ್ ದಂಡ. ಕಾರಿನಲ್ಲಿ ಬಳಸುವ 65 ವ್ಯಾಟ್ ಚಾರ್ಜರನ್ನು ನೇರ 12 ವೋಲ್ಟ್ ಸಾಕೆಟ್‌ಗೆ ಹಾಕಿದರೆ ಮುಗೀತು. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಬೇಡ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇರಲಿ. ಅಲೆಯ ಹೊಡೆತ ಅದು ತಡೆಯುತ್ತದೆ.

ದೋಣಿಗೆ ದಾರಿ ತೋರಿಸುವ ಓಪನ್‌ಸಿಪಿಎನ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಹಳೆಯ ಚಿಕ್ಕ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಅಮೆರಿಕ ಸರ್ಕಾರದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ (NOAA) ತನ್ನ ಎಲೆಕ್ಟ್ರಾನಿಕ್ ಚಾರ್ಟ್‌ಗಳನ್ನು, ಅಂದರೆ ನೀರಿನ ದಾರಿಯ ನಕ್ಷೆಗಳನ್ನು, ಪುಕ್ಕಟೆ ಕೊಡುತ್ತದೆ. ಮನೆಯಲ್ಲೇ ಇಳಿಸಿಕೊಂಡರೆ ನೀರಿನ ಮೇಲೆ ಇಂಟರ್‌ನೆಟ್ ಬೇಕಾಗಿಲ್ಲ.

ಆದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಜಿಪಿಎಸ್ ಇರೋದಿಲ್ಲ. ಯುಎಸ್‌ಬಿ ಜಿಪಿಎಸ್ ಬೇರೆ ಕೊಳ್ಳಬೇಕು. ವಿಂಡೋಸ್ ಆನ್ ಆಗುವಾಗ ಅದು ಸಿಕ್ಕಿಸಿಕೊಂಡಿದ್ದರೆ ಕೆಲವು ಸಲ ವಿಂಡೋಸ್ ಅದನ್ನೇ ಹಳೇ ಕಾಲದ ಸೀರಿಯಲ್ ಮೌಸ್ ಅಂದುಕೊಳ್ಳುತ್ತದೆ. ಬಾಣದ ಗುರುತು ದೆವ್ವ ಹಿಡಿದ ಹಾಗೆ ಪರದೆ ತುಂಬಾ ಕುಣಿಯುತ್ತದೆ. ಹೆದರಬೇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ 'ಸೀರಿಯಲ್ ಬಾಲ್‌ಪಾಯಿಂಟ್' ಅಂತ ಇರುವುದನ್ನು ಡಿಸೇಬಲ್ ಮಾಡಿ. ಜಿಪಿಎಸ್‌ಗೆ ಯಾವಾಗಲೂ ಒಂದೇ ಯುಎಸ್‌ಬಿ ಕಿಂಡಿ ಬಳಸಿ, ಇಲ್ಲದಿದ್ದರೆ ಪೋರ್ಟ್ ನಂಬರ್ ಬದಲಾಗಿ ಸಿಗ್ನಲ್ ಬಂದಿಲ್ಲ ಅನ್ನಿಸುತ್ತದೆ.

ಇನ್ನೊಬ್ಬರು: ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಲ್ಯಾಪ್‌ಟಾಪ್ ಒಳಗಿನ ಟೇಬಲ್ ಮೇಲೇ ಇರಲಿ. ಬಿಸಿಲಿಗೆ ತಂದರೆ ಪರದೆಯಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣಲ್ಲ, ಉಪ್ಪುನೀರಿನ ಹನಿ ಕೀಲಿಮಣೆಗೆ ಒಳ್ಳೇದಲ್ಲ. ಚುಕ್ಕಾಣಿ ಹತ್ತಿರ ನೀರು ತಡೆಯುವ ಕವರ್ ಹಾಕಿದ ಫೋನೋ ಟ್ಯಾಬ್ಲೆಟ್ಟೋ ಇಟ್ಟುಕೊಳ್ಳಿ, ಅದೇ ಎರಡನೇ ಜಿಪಿಎಸ್ ಕೂಡ ಆಯ್ತು. ಇನ್ನೊಂದು, ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲೂ ಮುಚ್ಚಳದಲ್ಲೂ ಅಯಸ್ಕಾಂತ ಇರುತ್ತದೆ. ದಿಕ್ಸೂಚಿ ಪಕ್ಕ ಇಟ್ಟರೆ ಮುಳ್ಳು ತಪ್ಪು ತೋರಿಸುತ್ತದೆ. ಚೆಸಪೀಕ್‌ನಲ್ಲಿ ಏಡಿ ಹಿಡಿಯುವ ಬೋನುಗಳ ತೇಲುಬುಂಡೆಗಳು ಜಾಸ್ತಿ ಅಲ್ವಾ, ಅವು ಯಾವ ಚಾರ್ಟ್‌ನಲ್ಲೂ ಇರಲ್ಲ. ಹಗ್ಗ ಪ್ರೊಪೆಲರ್‌ಗೆ ಸುತ್ತಿಕೊಂಡರೆ ಕಷ್ಟ. ಹಾಗಾಗಿ ಒಬ್ಬರ ಕಣ್ಣು ನೀರಿನ ಮೇಲೇ ಇರಲಿ.

ಮತ್ತೊಬ್ಬರು: ವಿಮಾನದ ಬಗ್ಗೆ ಒಂದು ಮಾತು. ಚಿಕ್ಕ ಲ್ಯಾಪ್‌ಟಾಪ್‌ಗಳ ಬ್ಯಾಟರಿ 100 ವ್ಯಾಟ್-ಅವರ್ ಒಳಗೇ ಇರುತ್ತದೆ, ಕೈಚೀಲದಲ್ಲಿ ತರಬಹುದು.  ಆದರೆ ದೋಣಿಯಲ್ಲಿಡುವ ಸ್ಯಾಟಲೈಟ್ ಫೋನ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ದಯವಿಟ್ಟು ಊರಿಗೆ ತರಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಅವನ್ನು ಇಟ್ಟುಕೊಳ್ಳುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲೇ ಹಿಡಿದು ಪೊಲೀಸರಿಗೆ ಒಪ್ಪಿಸಿದ ಪ್ರಕರಣಗಳಿವೆ. ಹೊರಡುವ ಮೊದಲು ಬ್ಯಾಗಿನ ಎಲ್ಲ ಜೇಬುಗಳನ್ನೂ ಒಮ್ಮೆ ನೋಡಿಬಿಡಿ.