ಹೊಸ ಫೈಬರ್ ದೋಣಿ: ನಿಂತ ಕೂಡಲೆ ಡೆಕ್ ಮೇಲೆ ನೀರು ವಾಪಸ್ ಬರ್ತದೆ

ಗಂಗೊಳ್ಳಿ ಹುಡುಗ:

ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೆ ಮರದ ದೋಣಿ ಕೊಟ್ಟು ಈ ವರ್ಷ 26 ಅಡಿಯ ಫೈಬರ್ ದೋಣಿ ಮಾಡಿಸಿದ್ದೇವೆ. ಎಂಜಿನ್ 9.9 ಎಚ್‌ಪಿ, ಫೋರ್ ಸ್ಟ್ರೋಕ್. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲೂ 10 ಎಚ್‌ಪಿ ಒಳಗಿನ ನಾಡದೋಣಿ ಕಡಲಿಗೆ ಇಳಿಬಹುದಲ್ಲ, ಅದಕ್ಕೇ ಇಷ್ಟೇ ಶಕ್ತಿಯದ್ದು ತಗೊಂಡದ್ದು. ಹಾಗಾಗಿ ಮಳೆ ಹಿಡಿಯುವ ಮೊದಲು ಇದೊಂದು ಸರಿ ಆಗಬೇಕು.

ಡೆಕ್ ಮೇಲಿನ, ಅಂದರೆ ನಾವು ನಿಲ್ಲುವ ನೆಲದ ಮೇಲಿನ ನೀರು ಹೋಗಲಿಕ್ಕೆ ಹಿಂಬದಿಯ ಎರಡೂ ಮೂಲೆಯಲ್ಲಿ ಒಂದೂವರೆ ಇಂಚಿನ ತೂತು ಉಂಟು. ಅಲ್ಲಿಂದ ಪೈಪ್ ಡೆಕ್ ಅಡಿಯಲ್ಲಿ ಹೋಗಿ ಹಿಂದಿನ ಹಲಗೆಯಲ್ಲಿ ಹೊರಗೆ ಬರ್ತದೆ, ಹೊರಬಾಯಿಗೆ ರಬ್ಬರ್ ಮುಚ್ಚಳ. ಓಡುವಾಗ ಡೆಕ್ ಪೂರ್ತಿ ಒಣ. ಬಲೆ ಎಳೆಯಲಿಕ್ಕೆ ಎಂಜಿನ್ ನಿಲ್ಲಿಸಿದರೆ ಸ್ವಲ್ಪ ಹೊತ್ತಲ್ಲೇ ಅದೇ ತೂತಿಂದ ನೀರು ಮೇಲೆ ಬರ್ತದೆ. ಬಲಗಡೆ ಮೂಲೆಯಲ್ಲಿ ಹೆಚ್ಚು, ಪಾದ ಮುಳುಗುವಷ್ಟು. ಮೊದಮೊದಲು ಇಷ್ಟು ಇರಲಿಲ್ಲ, ಬರ್ತಾ ಬರ್ತಾ ಜಾಸ್ತಿ ಆಗಿದೆ.

ದೋಣಿ ಮಾಡಿದವರಿಗೆ ಫೋನ್ ಮಾಡಿದರೆ “ಹೊಸ ದೋಣಿ ಹಾಗೇ, ಬೂಚು ಹಾಕಿ” ಅಂತಾರೆ. ಅಪ್ಪನಿಗೆ ಇದು ಸಮ ಕಾಣುವುದಿಲ್ಲ. ಮರದ ದೋಣಿಯಲ್ಲಿ ನೀರು ಒಳಗೆ ಬಂದರೆ ಮೊಗೆದು ಹಾಕ್ತಿದ್ದೆವು, ಎಲ್ಲಿಂದ ಬರ್ತದೆ ಅಂತ ಕಣ್ಣಿಗೆ ಕಾಣ್ತಿತ್ತು. ಇದರಲ್ಲಿ ಡೆಕ್ ಅಡಿಯಲ್ಲಿ ಎಂತ ಆಗ್ತಾ ಉಂಟು ಅಂತಲೇ ಗೊತ್ತಾಗುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕೋಡಿ ಬೀಚ್:

ನಮ್ಮದಕ್ಕೂ ಹೀಗೇ ಇತ್ತು. ರಬ್ಬರ್ ಬೂಚು ತಂದು ಒಳಗಿಂದ ಗಟ್ಟಿ ಮಾಡಿ, ಮುಗಿಯಿತು. ಬಲೆ ತೊಳೆಯುವಾಗ ಮಾತ್ರ ತೆಗೆಯಿರಿ.

ಉಪ್ಪುಂದ ಫೈಬರ್ ಕೆಲಸ:

ತಮ್ಮಾ, ಬೂಚು ಜೆಟ್ಟಿಯಲ್ಲಿ ಕಟ್ಟಿಹಾಕಿದಾಗ ಹಾಕಬಹುದು. ಕಡಲಲ್ಲಿ ಹಾಕಿಕೊಂಡು ತಿರುಗಬೇಡಿ. ಒಂದು ಅಲೆ ಬದಿ ದಾಟಿ ಒಳಗೆ ಬಿತ್ತು ಅಂತ ಇಟ್ಟುಕೊಳ್ಳಿ. ಹಿಂಬದಿಯಲ್ಲಿ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಜಾಗದಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ ಅದು 150 ಲೀಟರ್. ಉಪ್ಪುನೀರಾದ್ದರಿಂದ 150 ಕೆಜಿಗಿಂತ ಸ್ವಲ್ಪ ಹೆಚ್ಚೇ ತೂಗ್ತದೆ. ಆ ತೂಕ ಒಂದೇ ಕಡೆ ನಿಲ್ಲುವುದೂ ಇಲ್ಲ. ದೋಣಿ ಬಲಕ್ಕೆ ವಾಲಿದರೆ ನೀರೂ ಬಲಕ್ಕೇ ಓಡಿ ಇನ್ನಷ್ಟು ವಾಲಿಸ್ತದೆ. ಅಂಥ ಹೊತ್ತಿಗೆ ತೂತು ತೆರೆದೇ ಇರಬೇಕು.

ಈಗ ನಿಮ್ಮ ವಿಷಯ. ದೋಣಿ ನಿಂತಿರುವಾಗ ನೀರು ಆ ತೂತಿಂದ ಹೊರಗೆ ಹೋಗಬೇಕಾದರೆ ಡೆಕ್ ಹೊರಗಿನ ಕಡಲ ಮಟ್ಟಕ್ಕಿಂತ ಮೇಲಿರಬೇಕು, ಬೇರೆ ಯಾವ ಉಪಾಯವೂ ಇಲ್ಲ. ಓಡುವಾಗ ಹಿಂದೆ ಹರಿಯುವ ನೀರು ಪೈಪಲ್ಲಿ ಇದ್ದದ್ದನ್ನು ಎಳೆದುಕೊಂಡು ಹೋಗ್ತದೆ, ಹಾಗಾಗಿ ಡೆಕ್ ಒಣ ಕಾಣ್ತದೆ. ನಿಂತಾಗ ಆ ಎಳೆತ ಇಲ್ಲ, ಡೆಕ್ ಮಟ್ಟ ಕೆಳಗಿದ್ದರೆ ಕಡಲು ಅದೇ ದಾರಿಯಲ್ಲಿ ಮೇಲೆ ಬರ್ತದೆ. ರಬ್ಬರ್ ಮುಚ್ಚಳ ಇರುವುದು ಹಿಂದಿನಿಂದ ಬಂದ ಅಲೆಯ ಪೆಟ್ಟು ತಡೆಯಲಿಕ್ಕೆ. ನಿಂತ ನೀರನ್ನು ಗಂಟೆಗಟ್ಟಲೆ ಹಿಡಿದಿಡಲಿಕ್ಕೆ ಅದರಿಂದ ಆಗುವುದಿಲ್ಲ.

ಹಾಗಾಗಿ ಹಿಂಬದಿ ಯಾಕೆ ಅಷ್ಟು ಕುಳಿತಿದೆ ಅಂತ ನೋಡಬೇಕು. 26 ಅಡಿಯ ದೋಣಿಗೆ ನಟ್ಟನಡುವೆ 100 ಕೆಜಿ ಇಟ್ಟರೆ ದೋಣಿ ಪೂರ್ತಿ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಇಳಿಯಬಹುದು. ಅದೇ 100 ಕೆಜಿ ಹಿಂದಿನ ತುದಿಯಲ್ಲಿ ಇಟ್ಟರೆ ಮುಂದಿನ ತುದಿ ಏಳ್ತದೆ, ಹಿಂಬದಿ ಮೂರು ನಾಲ್ಕು ಸೆಂಟಿಮೀಟರ್ ಇಳಿಯುತ್ತದೆ. ನಿಮ್ಮ ಎಂಜಿನ್ನೇ 40 ಕೆಜಿ ಹತ್ತಿರ, ಅದನ್ನಂತೂ ಸರಿಸಲಿಕ್ಕೆ ಆಗುವುದಿಲ್ಲ. ಪೆಟ್ರೋಲ್ ಕ್ಯಾನ್, ಐಸ್ ಪೆಟ್ಟಿಗೆ ಎಲ್ಲಿ ಇಡ್ತೀರಿ? ಬಲೆ ಎಳೆಯುವಾಗ ಜನ ಎಲ್ಲಿ ನಿಲ್ತಾರೆ?

ಒಂದು ಕೆಲಸ ಮಾಡಿ. ಅಲೆ ಇಲ್ಲದ ಬೆಳಿಗ್ಗೆ, ಹೊಳೆಯ ಒಳಗೆ ಜೆಟ್ಟಿ ಪಕ್ಕ, ದೋಣಿ ಖಾಲಿ ಮಾಡಿ ಹೊರಗಿನ ನೀರಿನ ಮಟ್ಟಕ್ಕೆ ಎರಡೂ ಬದಿ ಬಣ್ಣದ ಪೆನ್ಸಿಲಲ್ಲಿ ಗೆರೆ ಎಳೆಯಿರಿ. ಆ ಗೆರೆಗಿಂತ ಡೆಕ್ ಎಷ್ಟು ಮೇಲಿದೆ ಅಂತ ಅಳೆಯಿರಿ. ಆಮೇಲೆ ಯಾವಾಗಿನ ಹಾಗೆ ಸಾಮಾನು, ಜನ ಎಲ್ಲ ಹತ್ತಿಸಿ ಮತ್ತೆ ಅಳೆಯಿರಿ. ಡೆಕ್ ಅಡಿಯ ಮುಚ್ಚಳವನ್ನೂ ತೆರೆದು ಕೈ ಹಾಕಿ ನೋಡಿ. ಹೊಸ ದೋಣಿ ಬರ್ತಾ ಬರ್ತಾ ಕುಳಿತುಕೊಳ್ತಾ ಹೋದರೆ, ಅದೂ ಒಂದೇ ಕಡೆಗೆ, ನನಗೆ ಮೊದಲು ಸಂಶಯ ಬರುವುದು ಡೆಕ್ ಅಡಿಯ ಮೇಲೆ.

ಗಂಗೊಳ್ಳಿ ಹುಡುಗ:

ಅಣ್ಣಾ, ನೋಡಿದೆ. ಖಾಲಿ ಇದ್ದಾಗ ಎಡಗಡೆ ಡೆಕ್ ನೀರಿಗಿಂತ ಆರು ಸೆಂಟಿಮೀಟರ್ ಮೇಲೆ, ಬಲಗಡೆ ನಾಲ್ಕೇ. 35 ಲೀಟರಿನ ಎರಡು ಪೆಟ್ರೋಲ್ ಕ್ಯಾನ್, ಐಸ್ ಪೆಟ್ಟಿಗೆ ಎಲ್ಲ ಎಂಜಿನ್ ಮುಂದೆಯೇ ಇಡುವುದು, ಅಲ್ಲೇ ಒಬ್ಬ ನಿಲ್ತಾನೆ. ಎಲ್ಲ ಹತ್ತಿಸಿದ ಮೇಲೆ ಬಲಗಡೆ ಡೆಕ್ ನೀರಿನ ಮಟ್ಟಕ್ಕಿಂತ ಕೆಳಗೇ ಹೋಯಿತು.

ಮುಚ್ಚಳ ತೆರೆದೆ. ಒಳಗೆ ನೀರು ಉಂಟು. ನಾಲಿಗೆಗೆ ಮುಟ್ಟಿಸಿ ನೋಡಿದೆ, ಉಪ್ಪು. ತೆಗೆದು ಬಕೆಟಲ್ಲಿ ಅಳೆದರೆ ನೂರು ಲೀಟರ್ ಹತ್ತಿರ. ಅಪ್ಪ ಅದನ್ನು ನೋಡಿ ಒಂದು ಮಾತೂ ಆಡಲಿಲ್ಲ, ತುಂಬ ಬೇಜಾರಾಗಿದ್ದಾರೆ. ಇದು ಎಲ್ಲಿಂದ ಬಂತು?

ಉಪ್ಪುಂದ ಫೈಬರ್ ಕೆಲಸ:

ಅಪ್ಪನಿಗೆ ಧೈರ್ಯ ಹೇಳಿ. ದೋಣಿಯ ಮೈ ಒಡೆದಿದ್ದರೆ ಇಷ್ಟಕ್ಕೆ ನಿಲ್ತಿರಲಿಲ್ಲ. ನೂರು ಲೀಟರ್ ಹಿಂಬದಿಯಲ್ಲಿ ಸೇರಿದರೆ ಮೂರು ಸೆಂಟಿಮೀಟರ್ ಅಲ್ಲೇ ಹೋಯಿತು. ಡೆಕ್ ಇಳಿದದ್ದಕ್ಕೆ ಪೈಪಲ್ಲಿ ಯಾವಾಗಲೂ ನೀರು ನಿಲ್ತದೆ, ಪೈಪಿನ ಜೋಡಣೆ ಸಡಿಲ ಇದ್ದರೆ ಆ ನೀರು ಡೆಕ್ ಅಡಿಗೆ ಇಳಿಯುತ್ತದೆ, ಅದರ ಭಾರಕ್ಕೆ ಡೆಕ್ ಇನ್ನೂ ಇಳಿಯುತ್ತದೆ. ನಿಮ್ಮಲ್ಲಿ ನಡೀತಾ ಇರುವುದು ಇದೇ ಅಂತ ಕಾಣ್ತದೆ.

ದೋಣಿ ದಡಕ್ಕೆ ಎಳೆದು ಪರೀಕ್ಷೆ ಮಾಡಿ. ಪೈಪಿನ ಹೊರಬಾಯಿ ಮುಚ್ಚಿ, ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರನ್ನು ಡೆಕ್ ತೂತಿಗೆ ತುಂಬಿಸಿ. ಕೆಳಗಿನ ಮುಚ್ಚಳದಿಂದ ಟಾರ್ಚ್ ಬಿಟ್ಟು ನೋಡ್ತಾ ಇರಿ, ಜೋಡಣೆ ಸೋರಿದರೆ ನೀಲಿ ಗೆರೆ ಇಳಿಯುವುದು ಕಾಣ್ತದೆ. ಬಲಗಡೆಯಿಂದಲೇ ಶುರು ಮಾಡಿ. ಡೆಕ್ ಅಡಿಯಲ್ಲಿ ಫೋಮ್ ತುಂಬಿಸಿದ್ದರೆ ಅದನ್ನೂ ಹಿಂಡಿ ನೋಡಿ. ತುಂಬ ಕಾಲ ನೀರಲ್ಲೇ ಇದ್ದ ಫೋಮ್ ನೀರು ಕುಡಿದುಬಿಡ್ತದೆ, ಆಮೇಲೆ ಆ ಭಾರ ಬಕೆಟಲ್ಲಿ ಬರುವುದಿಲ್ಲ.

ಜೊತೆಗೆ ಹೊರಗಿನ ರಬ್ಬರ್ ಮುಚ್ಚಳ ಎತ್ತಿ ಅದರ ಅಂಚನ್ನು ಬೆರಳಲ್ಲಿ ಸವರಿ. ಬೂತಾಯಿ ಮೀನು ಹಿಡಿಯುವ ದೋಣಿಯಲ್ಲಿ ಮೀನಿನ ಹುರುಪೆ ಕಂತೆಕಂತೆ ಉದುರುತ್ತದೆ. ಉಗುರಿನಷ್ಟು ಸಣ್ಣ, ತೆಳು, ಒಣಗಿದರೆ ಅಂಟು ಹಾಕಿದ ಹಾಗೆ ಕೂತುಬಿಡ್ತದೆ. ಅದರ ಮೇಲೆ ಬಲೆಯ ನೈಲಾನ್ ನೂಲಿನ ಒಂದು ತುಂಡು ಸಿಕ್ಕಿಕೊಂಡರೆ ಮುಚ್ಚಳ ಕೂದಲೆಳೆಯಷ್ಟು ತೆರೆದೇ ಇರ್ತದೆ. ಕಡಲಿಗೆ ಅಷ್ಟು ಸಾಕು.

ತದಡಿ ಕಡೆಯವ:

ಒಂದು ಮಾತು ಸೇರಿಸ್ತೇನೆ. ಡೆಕ್ ಮೇಲೆ ಹೀಗೆ ನೀರು ನಿಲ್ಲುವ ದೋಣಿ ತಗೊಂಡು ಅಳಿವೆ (ಹೊಳೆ ಕಡಲಿಗೆ ಸೇರುವ ಬಾಯಿ) ದಾಟಬೇಡಿ, ಅದರಲ್ಲೂ ಇಳಿತದ ಹೊತ್ತಿಗೆ. ಹೊಳೆ ನೀರು ಹೊರಗೆ ನುಗ್ಗುತ್ತದೆ, ಕಡಲ ಅಲೆ ಒಳಗೆ ಬರ್ತದೆ, ಎರಡೂ ಸೇರಿದಲ್ಲಿ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ವಾಪಸ್ ಬರುವಾಗ ಅದು ಹಿಂದಿನಿಂದಲೇ ಬರುವುದು, ಮೊದಲೇ ಕುಳಿತ ಹಿಂಬದಿಗೆ. ನಿಮ್ಮ ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ಹೊಳೆಯ ಅಷ್ಟೂ ನೀರು ಒಂದೇ ಬಾಯಿಂದ ಹೋಗುವುದಲ್ಲವಾ. ಮಳೆಗಾಲದಲ್ಲಿ ಕೇಳುವುದೇ ಬೇಡ. ದೋಣಿ ಸರಿ ಆಗುವವರೆಗೆ ಕಡಲಿಗೆ ಇಳಿಯಬೇಡಿ. ಲೈಫ್ ಜಾಕೆಟ್ ದೋಣಿಯಲ್ಲಿರುವ ಎಲ್ಲರೂ ಹಾಕಿಕೊಳ್ಳಿ, ಪೆಟ್ಟಿಗೆಯಲ್ಲಿ ಇಟ್ಟರೆ ಉಪಯೋಗ ಇಲ್ಲ.

ಗಂಗೊಳ್ಳಿ ಹುಡುಗ:

ಸಿಕ್ಕಿತು ಅಣ್ಣಾ. ಬಲಗಡೆ ಹಿಂದಿನ ಹಲಗೆ ಹತ್ತಿರ ಪೈಪನ್ನು ಸುಮ್ಮನೆ ತುರುಕಿ ಒಂದು ಕ್ಲಿಪ್ ಹಾಕಿದ್ದಾರೆ. ಕ್ಲಿಪ್ಪಿಗೆ ಆಗಲೇ ತುಕ್ಕು. ಕೈಯಲ್ಲಿ ತಿರುಗಿಸಿದರೆ ಪೈಪ್ ತಿರುಗುತ್ತದೆ, ನೀಲಿ ನೀರು ಅಲ್ಲಿಂದಲೇ ಇಳಿಯಿತು. ಎಡಗಡೆಯದು ಸೋರಲಿಲ್ಲ. ಫೋಮ್ ಬದಿಗಳಲ್ಲಿ ಮಾತ್ರ ಉಂಟು, ಗಟ್ಟಿ ಇದೆ, ಹಿಂಡಿದರೆ ನೀರು ಬರಲಿಲ್ಲ. ರಬ್ಬರ್ ಮುಚ್ಚಳದ ಅಡಿಯಲ್ಲಿ ನೀವು ಹೇಳಿದ ಹಾಗೇ ಹುರುಪೆ. ಅಲ್ಲಿ ಸಿಲಿಕೋನ್ ಹಚ್ಚಿ ಹೊಸ ಕ್ಲಿಪ್ ಹಾಕಿದರೆ ಸಾಕಾ? ಮತ್ತೆ ತೂತು ದೊಡ್ಡದು ಮಾಡಿಸಬೇಕಾ?

ಉಪ್ಪುಂದ ಫೈಬರ್ ಕೆಲಸ:

ಸಿಲಿಕೋನ್ ಹಚ್ಚಲೇಬೇಡಿ. ನೀರಿನಡಿ ಅದು ಹೆಚ್ಚು ಕಾಲ ಹಿಡಿಯುವುದಿಲ್ಲ, ಒಮ್ಮೆ ಹಚ್ಚಿದ ಜಾಗದಲ್ಲಿ ಮುಂದೆ ಫೈಬರ್ ಕೆಲಸದ ರೆಸಿನ್ನೂ (ಒಣಗಿ ಗಟ್ಟಿಯಾಗುವ ಅಂಟು) ಕೂರುವುದಿಲ್ಲ. ದೋಣಿಗೆ ಅಂತಲೇ ಬರುವ ಪಾಲಿಯುರೆಥೇನ್ ಸೀಲಂಟ್ ತನ್ನಿ. ಪೈಪ್ ಹೊಸದು ಹಾಕಿ, ಒಳಗೆ ತಂತಿ ಅಥವಾ ನೂಲಿನ ಬಲ ಇರುವ ಗಟ್ಟಿ ಪೈಪ್. ಪ್ರತಿ ತುದಿಗೂ ಒಳ್ಳೆ ಸ್ಟೇನ್‌ಲೆಸ್ ಸ್ಟೀಲಿನ ಎರಡೆರಡು ಕ್ಲಿಪ್, ಒಂದರ ಸ್ಕ್ರೂ ಒಂದು ಕಡೆಗೆ, ಇನ್ನೊಂದರದ್ದು ಎದುರು ಕಡೆಗೆ. ಎಡಗಡೆಯದು ಸೋರದಿದ್ದರೂ ಬದಲಾಯಿಸಿ, ಎರಡನ್ನೂ ಹಾಕಿದ ಕೈ ಒಂದೇ.

ಹಿಂದಿನ ಹಲಗೆಯ ತೂತಿನ ಒಳ ಅಂಚು ನೋಡಿ. ಫೈಬರ್ ನಡುವೆ ಪ್ಲೈವುಡ್ ಕಂಡರೆ ಅದನ್ನು ಹಾಗೇ ಬಿಡಬೇಡಿ. ಚೆನ್ನಾಗಿ ಒಣಗಿಸಿ ರೆಸಿನ್ ಹಚ್ಚಿ ಮುಚ್ಚಿ, ರಬ್ಬರ್ ಮುಚ್ಚಳದ ಸ್ಕ್ರೂ ತೂತುಗಳನ್ನೂ ಸೇರಿಸಿ. ಎಂಜಿನ್ ನೇತಾಡುವುದು ಆ ಹಲಗೆ ಮೇಲೆ, ಒಳಗೆ ಪ್ಲೈವುಡ್ ಕೊಳೆಯಲು ಶುರುವಾದರೆ ಹೊರಗಿಂದ ಗೊತ್ತೇ ಆಗುವುದಿಲ್ಲ.

ತೂತು ದೊಡ್ಡದು ಮಾಡುವ ವಿಚಾರ ಈಗ ಬೇಡ. ಡೆಕ್ ಕೆಳಗೇ ಇದ್ದರೆ ದೊಡ್ಡ ತೂತಲ್ಲಿ ಕಡಲು ಇನ್ನೂ ಬೇಗ ಒಳಗೆ ಬರ್ತದೆ. ಡೆಕ್ ಮೇಲೆದ್ದ ಮೇಲೂ ನೀರು ಹೋಗುವುದು ನಿಧಾನ ಅನಿಸಿದರೆ ಎರಡು ಇಂಚಿಗೆ ಏರಿಸಬಹುದು. ಅರ್ಧ ಇಂಚು ಹೆಚ್ಚಾದರೆ ನೀರು ಹೋಗುವ ಜಾಗ ಮುಕ್ಕಾಲು ಪಾಲಿನಷ್ಟು ಹೆಚ್ಚುತ್ತದೆ.

ಐಸ್ ಪೆಟ್ಟಿಗೆಯನ್ನು ನಡುವಿಗಿಂತ ಸ್ವಲ್ಪ ಮುಂದಕ್ಕೆ ತನ್ನಿ. ಒಂದು ಪೆಟ್ರೋಲ್ ಕ್ಯಾನ್ ಎಂಜಿನ್ ಹತ್ತಿರ ಇರಲಿ, ಇನ್ನೊಂದನ್ನು ಮುಂದೆ ಕಟ್ಟಿ. ಎರಡೂ ಒಂದೇ ಬದಿಗೆ ಬೇಡ.

ಗಂಗೊಳ್ಳಿ ಹುಡುಗ:

ಎಲ್ಲ ನೀವು ಹೇಳಿದ ಹಾಗೇ ಮಾಡಿಸಿದೆವು. ಪ್ಲೈವುಡ್ ಕಾಣ್ತಿತ್ತು, ಪುಣ್ಯಕ್ಕೆ ಕೊಳೆತಿರಲಿಲ್ಲ, ಒಣಗಿಸಿ ರೆಸಿನ್ ಹಚ್ಚಿಸಿದೆವು. ಖಾಲಿ ಇದ್ದಾಗ ಈಗ ಎರಡೂ ಕಡೆ ಡೆಕ್ ಎಂಟು ಸೆಂಟಿಮೀಟರ್ ಮೇಲೆ. ಸಾಮಾನು, ಮೂರು ಜನ ಹತ್ತಿದ ಮೇಲೂ ನಾಲ್ಕು ಉಳಿಯುತ್ತದೆ. ಜೆಟ್ಟಿ ಪಕ್ಕ ಬೂಚು ಇಲ್ಲದೆ ನಿಲ್ಲಿಸಿ ಡೆಕ್ ಮೇಲೆ ಬಕೆಟಲ್ಲಿ ನೀರು ಹೊಯ್ದೆವು, ಹೊರಗೆ ಹೋಯಿತು, ವಾಪಸ್ ಬರಲಿಲ್ಲ. ಅಪ್ಪ ಕೂತು ನೋಡ್ತಾ ಇದ್ದರು. ನಿಮಗೆ ಹೇಗೆ ಧನ್ಯವಾದ ಹೇಳುವುದು ಅಂತ ಗೊತ್ತಾಗುವುದಿಲ್ಲ ಅಣ್ಣಾ.

ಉಪ್ಪುಂದ ಫೈಬರ್ ಕೆಲಸ:

ತುಂಬ ಸಂತೋಷ ಆಯಿತು. ಇನ್ನು ಮೀನಿನ ಭಾರದ್ದು ಒಂದು ನೋಡಬೇಕು. ಒಳ್ಳೆ ದಿನ 300 ಕೆಜಿ ಬಂಗುಡೆ ಬಿದ್ದರೆ, ಅದನ್ನು ನಡುವೆ ಹಾಕಿದರೂ ನಿಮ್ಮ ನಾಲ್ಕರಲ್ಲಿ ಮೂರು ಸೆಂಟಿಮೀಟರ್ ಹೋಗ್ತದೆ. ಹಿಂದಕ್ಕೆ ಹಾಕಿದರೆ ಡೆಕ್ ಮತ್ತೆ ನೀರಡಿ. ಮೀನು ನಡುವಿಂದ ಮುಂದಕ್ಕೇ ತುಂಬಿ. ಡೆಕ್ ಮಟ್ಟಕ್ಕೆ ಸರಿಯಾಗಿ ಹೊರಗಿಂದ ಹಿಂಬದಿಯ ಎರಡೂ ಬದಿಗೆ ಪೇಂಟಲ್ಲಿ ಒಂದು ಗೆರೆ ಹಾಕಿಸಿ, ಆ ಗೆರೆಗೆ ನೀರು ಮುಟ್ಟಿದರೆ ಅವತ್ತಿಗೆ ಬಲೆ ಹಾಕುವುದು ಸಾಕು. ಮೊದಲ ತಿಂಗಳು ಕಡಲಿಂದ ಬಂದಾಗೆಲ್ಲ ಡೆಕ್ ಅಡಿಗೆ ಕೈ ಹಾಕಿ ನೋಡ್ತಾ ಇರಿ. ಒದ್ದೆ ಕಂಡರೆ ಇಲ್ಲೇ ಬರೆಯಿರಿ.