ಕೆಂಗೇರಿಯಿಂದ ಐಟಿಪಿಎಲ್‌ಗೆ: ಮೆಟ್ರೋ ಕಾರ್ಡಾ, ಬಸ್ ಪಾಸಾ, ಎರಡೂ ಬೇಕಾ?

ಉಪನಗರದವನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳಿಂದ ನಮ್ಮ ಆಫೀಸು ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕು ಐಟಿಪಿಎಲ್ ಹತ್ತಿರಕ್ಕೆ ಹೋಗುತ್ತಿದೆ. ನನ್ನ ಮನೆ ಕೆಂಗೇರಿ ಉಪನಗರದಲ್ಲಿ. ಬೆಂಗಳೂರಿನ ಈ ತುದಿಯಿಂದ ಆ ತುದಿಗೆ ಓಡಾಡಬೇಕು. ಪುಣ್ಯಕ್ಕೆ ನೇರಳೆ ಮಾರ್ಗ ಸೀದಾ ಹೋಗುತ್ತದೆ. ಕೆಂಗೇರಿಯಲ್ಲಿ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿದರಾಯಿತು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸುವ ರಗಳೆ ಇಲ್ಲ. ಆದರೆ ಒಂದು ಸಲಕ್ಕೆ 90 ರೂಪಾಯಿ! 2025ರ ಫೆಬ್ರವರಿಗೆ ಮುಂಚೆ ಎಷ್ಟೇ ದೂರ ಹೋದರೂ 60 ದಾಟುತ್ತಿರಲಿಲ್ಲ. ಈಗ ಹೋಗಿ ಬರಲು 180.

ಮನೆಯಿಂದ ಸ್ಟೇಷನ್‌ಗೆ ಬಸ್ಸು ಬೇರೆ. ನಡೆದೇ ಹೋಗಬಹುದು, ಆದರೆ ಮಳೆಗಾಲದಲ್ಲಿ ಆಗುವ ಮಾತಲ್ಲ. ಆ ಕಡೆ ಇಳಿದ ಮೇಲೆ ನಡಿಗೆಯೇ.

ಸದ್ಯಕ್ಕೆ ವಾರಕ್ಕೆ ಮೂರು ದಿನ ಆಫೀಸು ಅಂದಿದ್ದಾರೆ. ಮ್ಯಾನೇಜರ್ ಬಾಯಲ್ಲಿ ಆಗಲೇ ನಾಲ್ಕು ಅನ್ನೋ ಮಾತು ಬರುತ್ತಿದೆ. ಹೆಂಡತಿ ಬನಶಂಕರಿಗೆ ಕೆಲಸಕ್ಕೆ ಹೋಗುತ್ತಾಳೆ. ಅವಳದು ಮಾಮೂಲಿ ಬಸ್ಸು, ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಹಾಗಾಗಿ ಮನೆಯಲ್ಲಿ ಓಡಾಟಕ್ಕೆ ದುಡ್ಡು ಖರ್ಚು ಮಾಡುವವನು ನಾನೊಬ್ಬನೇ. ದಿನಾ ಅದನ್ನೇ ಕೇಳಿಸಿಕೊಳ್ಳುತ್ತಿದ್ದೇನೆ.

ಮೆಟ್ರೋ ಸ್ಮಾರ್ಟ್ ಕಾರ್ಡಿನಿಂದ ನಿಜವಾಗಿ ಎಷ್ಟು ಉಳಿಯುತ್ತದೆ? ಮೆಟ್ರೋದ ದಿನದ ಪಾಸ್ ನನ್ನಂಥವರಿಗೆ ಗಿಟ್ಟುತ್ತದಾ? ಮೆಟ್ರೋ ಸಹವಾಸವೇ ಬೇಡ ಅಂತ ಬಿಎಂಟಿಸಿ ಪಾಸ್ ಮಾಡಿಸಿದರೆ ಹೇಗೆ? ಲೆಕ್ಕ ಹಾಕಿ ನೋಡಿದವರು ದಯವಿಟ್ಟು ಹೇಳಿ.

ವಜ್ರ ಪ್ರಯಾಣಿಕ:

ವಜ್ರ, ಅಂದರೆ ಬಿಎಂಟಿಸಿಯ ಎಸಿ ಬಸ್ಸಿನ ತಿಂಗಳ ಪಾಸ್ ತಗೊಳ್ಳಿ ಸಾರ್. 2000 ರೂಪಾಯಿ, ತಿಂಗಳು ಪೂರ್ತಿ ಎಲ್ಲಿ ಬೇಕಾದರೂ ಓಡಾಡಬಹುದು. ಮೆಟ್ರೋಗೆ ಯಾಕೆ ಅಷ್ಟು ಸುರಿಯುತ್ತೀರಿ? ಮೆಜೆಸ್ಟಿಕ್‌ಗೆ ಬಂದರೆ 335ಇ ಬಸ್ಸು ಸಿಗುತ್ತದೆ, ಕಾಡುಗೋಡಿವರೆಗೆ ಹೋಗುತ್ತದೆ.

ಬ್ಯಾಗು ಹೊತ್ತವನು:

ವಜ್ರ ಪ್ರಯಾಣಿಕರೇ, ಸಂಜೆ ಆರೂವರೆಗೆ ಮಾರತ್ತಹಳ್ಳಿಯಲ್ಲಿ ಬಸ್ಸಿನೊಳಗೆ ಕೂತು ನೋಡಿದ್ದೀರಾ? ಎಸಿ ತಂಪಾಗೇ ಇರುತ್ತದೆ, ಬಸ್ಸು ಮಾತ್ರ ಅಲ್ಲಾಡಲ್ಲ. ಅಲ್ಲಿಂದ ಮೆಜೆಸ್ಟಿಕ್, ಆಮೇಲೆ ಇನ್ನೊಂದು ಬಸ್ಸು ಹಿಡಿದು ಕೆಂಗೇರಿ. ಮೆಟ್ರೋದಲ್ಲಿ ಒಂದೂಕಾಲು ಗಂಟೆ ಹತ್ತಿರ ಹಿಡಿಯುವ ದಾರಿ ಇದು. ಬಸ್ಸಲ್ಲಿ ಎಷ್ಟು ಹೊತ್ತು ಅಂತ ಯಾರೂ ಗ್ಯಾರಂಟಿ ಕೊಡಲಾರರು.

ಉಪನಗರದವರೇ, ನಾನು ಮೆಡಿಕಲ್ ರೆಪ್. ಹೊಟ್ಟೆಪಾಡಿಗೆ ಊರೆಲ್ಲ ಸುತ್ತುವವನು. ಪಾಸು, ಕಾರ್ಡು ಎರಡೂ ಜೇಬಲ್ಲಿರುತ್ತವೆ. ನಿಮ್ಮ ಲೆಕ್ಕವನ್ನೇ ಹಾಕೋಣ.

ವಾರಕ್ಕೆ ಮೂರು ದಿನ ಅಂದರೆ ತಿಂಗಳಿಗೆ 12 ದಿನ ಅಂತ ಹಿಡಿಯಿರಿ. ಟೋಕನ್ ತಗೊಂಡರೆ 2160 ರೂಪಾಯಿ. ಸ್ಮಾರ್ಟ್ ಕಾರ್ಡಿಗೆ 5% ರಿಯಾಯಿತಿ, ಹಾಗಾಗಿ 90ರ ಬದಲು 85.50. ತಿಂಗಳಿಗೆ 2052. ಉಳಿದದ್ದು 108 ರೂಪಾಯಿ. ಇಷ್ಟೇನಾ ಅನ್ನಬೇಡಿ, ಇನ್ನೂ ಸ್ವಲ್ಪ ಇದೆ. ಜನ ಕಮ್ಮಿ ಇರುವ ಹೊತ್ತಲ್ಲಿ ಇನ್ನೊಂದು 5% ಸಿಗುತ್ತದೆ: ಬೆಳಿಗ್ಗೆ ಮೊದಲ ರೈಲಿಂದ 8 ಗಂಟೆವರೆಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ಮೇಲೆ. ಭಾನುವಾರ ಇಡೀ ದಿನ 10%. ಬೆಳಿಗ್ಗೆ 8ರೊಳಗೆ ಕೆಂಗೇರಿ ಗೇಟಿಗೆ ಕಾರ್ಡ್ ಮುಟ್ಟಿಸಿದರೆ ಹೋಗುವಾಗ 81, ಬರುವಾಗ 85.50. ಒಟ್ಟು 166.50. ತಿಂಗಳಿಗೆ 1998. ಟೋಕನ್‌ಗಿಂತ 162 ಕಮ್ಮಿ. ಇಬ್ಬರು ಕೂತು ಮಸಾಲೆ ದೋಸೆ ತಿನ್ನುವ ದುಡ್ಡು, ಹೋಟೆಲ್ ದುಬಾರಿಯದಲ್ಲದಿದ್ದರೆ.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಹೊರಡುವುದು ರಿಯಾಯಿತಿಗಲ್ಲ, ಸೀಟಿಗೆ. ಕೆಂಗೇರಿಯಲ್ಲಿ ಕೂರಲು ಜಾಗ ಸಿಕ್ಕರೆ ಐಟಿಪಿಎಲ್‌ವರೆಗೆ ಸುಖ. ಎಂಟೂವರೆ ಆದರೆ ವಿಜಯನಗರ ಬರುವಷ್ಟರಲ್ಲೇ ಉಸಿರಾಡಲು ಜಾಗ ಇರಲ್ಲ.

ಕಾರ್ಡಿಗೆ ಮೊದಲು 50 ರೂಪಾಯಿ ಕೊಡಬೇಕು. ನಿಮ್ಮ ದೂರಕ್ಕೆ ಎರಡು ವಾರದಲ್ಲಿ ವಾಪಸ್ ಬಂದುಬಿಡುತ್ತದೆ. ಇನ್ನೊಂದು ವಿಷಯ ಮರೆಯಬೇಡಿ. ಒಳಗೆ ಹೋಗುವಾಗ ಕಾರ್ಡಲ್ಲಿ ಕನಿಷ್ಠ 90 ರೂಪಾಯಿ ಇರಬೇಕು. 80 ಇದ್ದರೆ, ಪಕ್ಕದ ಸ್ಟೇಷನ್‌ಗೆ 10 ರೂಪಾಯಿ ಪ್ರಯಾಣ ಮಾಡುವವನಿಗೂ ಗೇಟು ತೆರೆಯಲ್ಲ. ಹಿಂದೆ ನಿಂತವರು ಉಸ್ಸಪ್ಪಾ ಅನ್ನುತ್ತಾರೆ. ಆ 90 ಅಲ್ಲೇ ಮಲಗಿರುವ ದುಡ್ಡು ಅಂದುಕೊಂಡು ಬಿಡಿ.

ಮೆಟ್ರೋದ ದಿನದ ಪಾಸ್ ನಿಮಗೆ ಬೇಡವೇ ಬೇಡ. ಮೊಬೈಲಲ್ಲಿ ತಗೊಳ್ಳುವ ಒಂದು ದಿನದ ಪಾಸ್ 250, ಮೂರು ದಿನದ್ದು 550. ನೀವು ಎಷ್ಟೇ ದೂರ ಹೋಗಿ ಬಂದರೂ ಕಾರ್ಡಲ್ಲಿ ದಿನಕ್ಕೆ 171. ಮೂರು ದಿನಕ್ಕೆ 513. ಒಂದು ದಿನದ ಪಾಸಿನ ದುಡ್ಡು ಹುಟ್ಟಬೇಕಾದರೆ ಆ ದಿನ ಮೂರನೇ ಸಲ ಅಷ್ಟೇ ದೂರ ಹೋಗಬೇಕು, ಮೂರು ದಿನದ್ದಕ್ಕೂ ಒಂದು ಸಲವಾದರೂ ಹೆಚ್ಚಿಗೆ ಹೋಗಬೇಕು. ಆಫೀಸಿಗೆ ಹೋಗಿ ಬರುವವನು ಯಾಕೆ ಹೋಗುತ್ತಾನೆ? ಅದು ಊರಿಂದ ನೆಂಟರು ಬಂದಾಗ ಸರಿ. ಬೆಳಿಗ್ಗೆ ಮಲ್ಲೇಶ್ವರ, ಮಧ್ಯಾಹ್ನ ಕಬ್ಬನ್ ಪಾರ್ಕು, ಸಂಜೆ ಜಯನಗರದಲ್ಲಿ ಶಾಪಿಂಗು, ಅವರಿಗೆ ಕೊಡಿಸಿ.

ಬಸ್ಸಿನ ದಿನದ ಪಾಸ್ ಬೇರೆ ಕಥೆ. 2025ರ ಜನವರಿಯಲ್ಲಿ 70ರಿಂದ 80 ಆಯಿತು. ನನ್ನ ಕೆಲಸಕ್ಕೆ ಅದೇ ದೇವರು. ಶಿವಾಜಿನಗರದಲ್ಲಿ ಇಬ್ಬರು ಡಾಕ್ಟರು, ಅಲ್ಲಿಂದ ಮಾರ್ಕೆಟ್ ಹತ್ತಿರದ ಸಗಟು ಔಷಧಿ ಅಂಗಡಿ, ಮಧ್ಯಾಹ್ನ ಚಾಮರಾಜಪೇಟೆ, ಆಮೇಲೆ ಬಸವನಗುಡಿ ಕ್ಲಿನಿಕ್ಕು. 12, 18, 23 ಅಂತ ಬಿಡಿ ಟಿಕೆಟ್ ತಗೊಳ್ಳುತ್ತಾ ಹೋದರೆ ಊಟದ ಹೊತ್ತಿಗೆ 80 ಮುಗಿದಿರುತ್ತದೆ. ಬೆಳಿಗ್ಗೆ ಮೊದಲ ಬಸ್ಸಲ್ಲೇ ಕಂಡಕ್ಟರ್ ಹತ್ತಿರ ತಗೊಂಡು, ಗುರುತಿನ ಚೀಟಿ ನಂಬರ್ ಬರೆದು, ಅಂಗಿ ಜೇಬಲ್ಲಿ ಮಡಚಿ ಇಟ್ಟುಕೊಳ್ಳುತ್ತೇನೆ. ಚಿಲ್ಲರೆ ಜಗಳ ಇಲ್ಲ. ತಪ್ಪು ಬಸ್ಸು ಹತ್ತಿದರೂ ಮುಂದಿನ ಸ್ಟಾಪಲ್ಲಿ ಇಳಿದುಬಿಡಬಹುದು, ಹೊಟ್ಟೆ ಉರಿಯಲ್ಲ. ಅದೇ ಅದರ ದೊಡ್ಡ ಲಾಭ ಅಂತ ನನಗನ್ನಿಸುತ್ತದೆ.

ನಿಮಗೆ ಇದೂ ಬೇಡ. ಮನೆಯಿಂದ ಸ್ಟೇಷನ್‌ಗೆ 6 ಅಥವಾ 12 ರೂಪಾಯಿ. ಎರಡೂ ಹೊತ್ತು ಬಸ್ಸೇ ಹಿಡಿದರೂ ದಿನಕ್ಕೆ 24 ದಾಟಲ್ಲ. ಅದಕ್ಕೆ 80ರ ಪಾಸ್ ಯಾಕೆ, 1200ರ ತಿಂಗಳ ಪಾಸ್ ಯಾಕೆ? 1200 ಅಂದರೆ 12 ರೂಪಾಯಿಯ ನೂರು ಟಿಕೆಟ್. ನೂರು ಸಲ ಬಸ್ಸು ಹತ್ತುವ ಜಾತಕ ನಿಮ್ಮದಲ್ಲ.

ವಜ್ರದ್ದೂ ಹೇಳಿಬಿಡುತ್ತೇನೆ, ಅವರಿಗೂ ಬೇಜಾರಾಗಬಾರದು. ಎಸಿ ಬಸ್ಸಿನ ದಿನದ ಪಾಸ್ 140, ತಿಂಗಳದ್ದು 2000. ತಿಂಗಳಿಗೆ 15 ದಿನ ಓಡಾಡುವವರಿಗೆ ತಿಂಗಳ ಪಾಸ್. ಅದಕ್ಕಿಂತ ಕಮ್ಮಿ ಇದ್ದರೆ ದಿನದ್ದೇ ಸಾಕು. ನಿಮ್ಮ 12 ದಿನಕ್ಕೆ 1680. ಮೆಟ್ರೋ ಕಾರ್ಡಿಗಿಂತ 372 ಕಮ್ಮಿ. ಆ ದುಡ್ಡಿಗೆ ಮಾರತ್ತಹಳ್ಳಿ ಬೇಕಾ, ನೀವೇ ಹೇಳಿ.

ವಜ್ರ ಪ್ರಯಾಣಿಕ:

ಬೇಜಾರೇನಿಲ್ಲ ಸಾರ್ 😄 ನನ್ನ ಮನೆ ದೊಮ್ಮಲೂರು. ಅಲ್ಲಿಂದ ಒಂದೇ ಬಸ್ಸು, ನನಗೆ ಸರಿ ಹೋಗುತ್ತದೆ. ಕೆಂಗೇರಿ ದೂರ ಯೋಚಿಸಿರಲಿಲ್ಲ.

ಲಂಡನ್ ಮಳೆ:

ದೂರದಿಂದ ಒಂದು ಮಾತು. ಇಲ್ಲಿ ಲಂಡನ್ನಿನಲ್ಲಿ ಕಾರ್ಡಾ ಪಾಸಾ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆಯ್ಸ್ಟರ್ ಕಾರ್ಡ್ ಮುಟ್ಟಿಸುತ್ತಾ ಹೋಗುವುದು ಅಷ್ಟೇ. ಬಸ್ಸಲ್ಲಾದರೆ ಮೂರು ಸಲದ ದುಡ್ಡು ಕತ್ತರಿಸಿದ ಮೇಲೆ ಆ ದಿನ ಮತ್ತೆ ಕತ್ತರಿಸಲ್ಲ. ಕಾರ್ಡೇ ದಿನದ ಪಾಸ್ ಆಗಿಬಿಡುತ್ತದೆ. ವಾರಕ್ಕೂ ಹಾಗೇ ಮಿತಿ ಇದೆ, ಸೋಮವಾರದಿಂದ ಭಾನುವಾರಕ್ಕೆ. ಬಸ್ಸಿಗೂ ಟ್ಯೂಬ್ ಅನ್ನುವ ಇಲ್ಲಿನ ಮೆಟ್ರೋಗೂ ಒಂದೇ ಕಾರ್ಡ್. ಅಪ್ಪ ಇಲ್ಲಿಗೆ ಬಂದಾಗ ಇದನ್ನು ನಂಬಲೇ ಇಲ್ಲ. ರಾತ್ರಿ ಕೂತು ಪ್ರತಿ ಪ್ರಯಾಣದ ಲೆಕ್ಕ ಡೈರಿಯಲ್ಲಿ ಬರೆದು ತಾಳೆ ನೋಡಿದರು!

ಬ್ಯಾಗು ಹೊತ್ತವನು:

ನಿಮ್ಮ ಅಪ್ಪ ನಮ್ಮ ಕಡೆಯವರು ಬಿಡಿ 😄 ನಮ್ಮಲ್ಲಿ ಆಗಬೇಕಾದದ್ದೂ ಅದೇ. ಉಪನಗರದವರ ವಿಷಯದಲ್ಲಿ 5% ದೊಡ್ಡದಲ್ಲ. ಬಸ್ಸು ಇಳಿದು ಮೆಟ್ರೋ ಹತ್ತಿದರೆ ಎರಡನೆಯದಕ್ಕೆ ಮತ್ತೆ ಮೊದಲಿಂದ ದುಡ್ಡು ಕೊಡಬೇಕಲ್ಲ, ಕೈ ಕಚ್ಚುವುದು ಅಲ್ಲಿ. ದಿನಾ ಮೆಟ್ರೋದಲ್ಲಿ ಓಡಾಡುವವರಿಗೆ ತಿಂಗಳ ಪಾಸ್ ಕೂಡ ಇಲ್ಲ. ನೆಂಟರಿಗೆ ಪಾಸ್ ಇದೆ, ಮನೆಯವರಿಗಿಲ್ಲ ಅನ್ನುವ ಹಾಗಾಯಿತು.

ಉಪನಗರದವನು:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹಾಗಾದರೆ ಕಾರ್ಡ್ ತಗೊಂಡು ಎಂಟರೊಳಗೆ ಹೊರಡುವುದು, ಮಳೆ ಇದ್ದ ದಿನ ಬಸ್ಸಿಗೆ ಚಿಲ್ಲರೆ. ವಾರಕ್ಕೆ ನಾಲ್ಕು ದಿನ ಆದರೆ ಲೆಕ್ಕ ಬದಲಾಗುತ್ತದಾ? ಮತ್ತೆ ನಾನು ಮನೆಯಿಂದ ಕೆಲಸ ಮಾಡುವ ದಿನ ಆ ಕಾರ್ಡನ್ನು ಹೆಂಡತಿ ಬಳಸಬಹುದಾ? ಅವಳಿಗೂ ಆಗಾಗ ಮೆಟ್ರೋ ಬೇಕಾಗುತ್ತದೆ, ಅಲ್ಲಿ ಶಕ್ತಿ ನಡೆಯಲ್ಲವಲ್ಲ.

ಬ್ಯಾಗು ಹೊತ್ತವನು:

ಮೆಟ್ರೋ ಲೆಕ್ಕ ಬದಲಾಗಲ್ಲ. ಎಷ್ಟು ದಿನ ಹೋದರೂ ಪ್ರತಿ ಸಲಕ್ಕೆ ಅಷ್ಟೇ ರಿಯಾಯಿತಿ, ಜಾಸ್ತಿ ಓಡಾಡಿದವರಿಗೆ ಜಾಸ್ತಿ ಕೊಡಲ್ಲ. 16 ದಿನ ಆದರೆ, ಬೆಳಿಗ್ಗೆ ಬೇಗ ಹೊರಟರೆ, 2664.

ಕಾರ್ಡನ್ನು ಮನೆಯವರು ಬಳಸಬಹುದು, ಅದರ ಮೇಲೆ ಹೆಸರೇನೂ ಇರಲ್ಲ. ಆದರೆ ಇಬ್ಬರೂ ಒಟ್ಟಿಗೆ ಹೋಗುವಾಗ ಒಂದೇ ಕಾರ್ಡ್ ನಡೆಯಲ್ಲ, ಒಬ್ಬರಿಗೆ ಟೋಕನ್ ತಗೊಳ್ಳಬೇಕು. ಬಸ್ ಪಾಸ್ ಮಾತ್ರ ಹಾಗೆ ಕೈ ಬದಲಾಯಿಸಬೇಡಿ. ಯಾರ ಗುರುತಿನ ಚೀಟಿ ನಂಬರ್ ಬರೆದಿದೆಯೋ ಅವರಿಗಷ್ಟೇ. ಚೆಕಿಂಗ್‌ನವರು ಹತ್ತಿದರೆ ಮೊದಲು ನೋಡುವುದೇ ಅದನ್ನು.