ಅಪ್‌ಡೇಟ್: ಮ್ಯೂನಿಕ್‌ನಲ್ಲಿ ಮಗಳ ಐದನೇ ಹುಟ್ಟುಹಬ್ಬ

ಹುಟ್ಟುಹಬ್ಬ ವಾರದ ನಡುವೆ ಬರುತ್ತದೆ, ಹಿಂದಿನ ಭಾನುವಾರವೇ ಆಚರಿಸಬಹುದೇ, ಯಾರನ್ನೆಲ್ಲ ಕರೆಯಬೇಕು ಎಂದು ಕೇಳಿದ್ದೆ. ಮುಂಚೆ ಬೇಡವೇ ಬೇಡ ಎಂದವರ ಮಾತು ಕೇಳಿದ್ದು ಒಳ್ಳೆಯದಾಯಿತು. ಹುಟ್ಟಿದ ದಿನಕ್ಕಿಂತ ಮೊದಲೇ ಶುಭಾಶಯ ಹೇಳುವುದನ್ನು ಜರ್ಮನ್ನರು ಅಪಶಕುನವೆಂದು ಭಾವಿಸುತ್ತಾರೆ. ಶಕುನದ ವಿಷಯದಲ್ಲಿ ನಮ್ಮ ಅತ್ತೆಗೆ ಹೇಳಿಮಾಡಿಸಿದ ಬೀಗರು! ಆ ದಿನ ಬೆಳಗ್ಗೆ ಏಳಕ್ಕೆ ಆರತಿ ಮಾಡಿದೆವು. ಹಾಸನದಲ್ಲಿ ಆಗ ಹತ್ತೂವರೆ, ಎಲ್ಲರೂ ವಿಡಿಯೋದಲ್ಲಿ ಸಿಕ್ಕರು. ಪಾರ್ಟಿ ನಂತರದ ಶನಿವಾರ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಏನಾದರೂ ಮರೆತರೆ ಗತಿಯಿಲ್ಲ.

ವಯಸ್ಸು ಎಷ್ಟೋ ಅಷ್ಟೇ ಮಕ್ಕಳನ್ನು ಕರೆಯುವ ಇಲ್ಲಿನ ರೂಢಿಗೆ ನಮ್ಮ ಯಜಮಾನರು ಗೊಣಗಿದ್ದರು. ಐದೇ ಮಕ್ಕಳು ಮನೆಯನ್ನು ತಲೆಕೆಳಗು ಮಾಡಿದ ಮೇಲೆ ಸುಮ್ಮನಾದರು.

ಟೋಪ್ಫ್‌ಶ್ಲಾಗೆನ್ ಆಟ ಸೂಚಿಸಿದವರಿಗೆ ವಿಶೇಷ ಧನ್ಯವಾದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗು ಮಂಡಿಯೂರಿ, ಮರದ ಸೌಟಿನಿಂದ ನೆಲ ಬಡಿಯುತ್ತಾ ಬೋರಲು ಹಾಕಿದ ಪಾತ್ರೆಯನ್ನು ಹುಡುಕಬೇಕು. ಉಳಿದವರು ‘ಬಿಸಿ’, ‘ತಣ್ಣಗೆ’ ಎಂದು ಕೂಗುತ್ತಾರೆ. ಸೌಟು ಪಾತ್ರೆಗೆ ತಗಲಿ ಟಣ್ ಎಂದರೆ ಅಡಿಯಲ್ಲಿರುವ ತಿಂಡಿ ಅವರದು. ಇಲ್ಲಿನ ಜೆಲ್ಲಿ ಮಿಠಾಯಿಗಳಲ್ಲಿ ಹಂದಿಯ ಜೆಲಾಟಿನ್ ಸಾಮಾನ್ಯವಾದ್ದರಿಂದ ನಾನು ಕೊಬ್ಬರಿ ಮಿಠಾಯಿ ಇಟ್ಟಿದ್ದೆ. ಒಬ್ಬ ಹುಡುಗ ಮೂಸಿ ನೋಡಿ, ತುದಿ ಕಚ್ಚಿ, ಗಂಭೀರವಾಗಿ ಇನ್ನೊಂದು ಕೇಳಿದ. ಚಿತ್ರಾನ್ನವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಂದಿರು ನಿಂತಲ್ಲೇ ಮುಗಿಸಿದರು.